ಮೂರು ತರಗತಿಗೆ ಒಂದೇ ವಿಷಲ್

ಜೂನ್ ಮೊದಲ ವಾರ. ಮಂಡ್ಯ ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಆಫೀಸ್ ರೂಮಿನಲ್ಲಿ ವರ್ಷದ ವೇಳಾಪಟ್ಟಿ ತಯಾರಾಗುತ್ತಿದೆ. ಮಾತಾಡುತ್ತಿರುವವರಲ್ಲಿ ಒಬ್ಬರು ಹೆಡ್‌ಮೇಷ್ಟ್ರು, ಇನ್ನೊಬ್ಬರು ದೈಹಿಕ ಶಿಕ್ಷಕಿ. ನಡುವೆ ಬಂದು ಸೇರುವವರು ವಾರಕ್ಕೆರಡು ದಿನ ಪಕ್ಕದ ಹೈಸ್ಕೂಲಿನಿಂದ ನಿಯೋಜನೆಯ ಮೇಲೆ ಬರುವ ಡ್ರಾಯಿಂಗ್ ಮೇಷ್ಟ್ರು. ಇಂಥ ಮಾತು ಯಾವ ಶಾಲೆಯಲ್ಲಾದರೂ ನಡೆದೀತು, ಹಾಗಾಗಿ ಹೆಸರುಗಳು ಬೇಡ.

ಪಿ.ಟಿ. ಮೇಡಂ: ಸಾರ್, ಈ ವರ್ಷವೂ ಕೊನೇ ಪಿರಿಯಡ್ಡಿಗೆ ಆರು, ಏಳು, ಎಂಟು ಮೂರನ್ನೂ ನನ್ನ ತಲೆಗೇ ಕಟ್ಟಿದ್ದೀರಲ್ಲ.

ಹೆಡ್‌ಮೇಷ್ಟ್ರು: ಆಟ ತಾನೇ ಮೇಡಂ. ನಮ್ಮ ಬಯಲು ದೊಡ್ಡದು. ಗಣಿತಕ್ಕಾದರೆ ಹೀಗೆ ಕೂಡಿಸೋಕಾಗುತ್ತ?

ಪಿ.ಟಿ. ಮೇಡಂ: ಯಾಕಾಗಲ್ಲ?

ಹೆಡ್‌ಮೇಷ್ಟ್ರು: ಒಳ್ಳೇ ಕತೆ. ಒಬ್ಬೊಬ್ಬರ ಪುಸ್ತಕ ನೋಡಬೇಕು, ಎಲ್ಲಿ ತಪ್ಪಿದ್ದಾರೆ ಅಂತ ತಿದ್ದಬೇಕು.

ಪಿ.ಟಿ. ಮೇಡಂ: ನಾನೂ ತಿದ್ದಬೇಕು ಸಾರ್. ಉದ್ದ ಜಿಗಿತವನ್ನೇ ತಗೊಳ್ಳಿ. ಹುಡುಗಿ ಯಾವ ಕಾಲಲ್ಲಿ ಚಿಮ್ಮುತ್ತಾಳೆ, ಹಲಗೆಗೆ ಎಷ್ಟು ಹಿಂದೆಯೇ ಹೆಜ್ಜೆ ತಪ್ಪಿಸ್ಕೋತಾಳೆ, ಬೀಳುವಾಗ ಕೈನ ಹಿಂದಕ್ಕೆ ಊರ್ತಾಳೋ ಮುಂದಕ್ಕೋ, ಇದನ್ನ ನೋಡಿ ಹೇಳಿದರೆ ಅದು ಪಾಠ. ನಮ್ಮಲ್ಲಿರೋದು ಒಂದೇ ಮರಳಿನ ಗುಂಡಿ. ಒಬ್ಬಳು ಓಡಿಬಂದು ಹಾರಿ, ಎದ್ದು, ಮರಳು ಸಮ ಮಾಡೋ ಹೊತ್ತಿಗೆ ಒಂದು ನಿಮಿಷ ಆಗುತ್ತೆ. ಪಿರಿಯಡ್ಡು 40 ನಿಮಿಷ. ಹಾಜರಿ, ಸಾಲು, ನೀರು ಕುಡಿಯೋದು ಅಂತ ಹತ್ತು ತೆಗೀರಿ. 30 ಮಕ್ಕಳು ಒಂದೊಂದು ಸಲ ಹಾರಬಹುದು. ಮೂರು ತರಗತಿ ಸೇರಿದರೆ 110 ಮಕ್ಕಳು. ಉಳಿದ 80 ಜನ ಏನು ಮಾಡಬೇಕು?

ಹೆಡ್‌ಮೇಷ್ಟ್ರು: ಕಬಡ್ಡಿ, ಖೋಖೋ ಆಡಿಸಿ. ಖರ್ಚಿಲ್ಲದ ಆಟ.

ಪಿ.ಟಿ. ಮೇಡಂ: ಕಬಡ್ಡಿ ಅಂಕಣದಲ್ಲಿ ಒಂದು ಕಡೆಗೆ ಏಳು, ಒಟ್ಟು 14. ಖೋಖೋದಲ್ಲಿ ಅಟ್ಟಿಸೋರು ಒಂಬತ್ತು, ತಪ್ಪಿಸ್ಕೊಳ್ಳೋರು ಒಂದು ಸಲಕ್ಕೆ ಮೂವರು. ಎರಡೂ ಆಟ ಒಟ್ಟಿಗೇ ನಡೆದರೂ ಗೆರೆಯೊಳಗೆ ಇರೋದು 26 ಜನ. ಅವರಲ್ಲೂ ಎಂಟು ಜನ ಖೋ ಬೀಳೋವರೆಗೂ ಕೂತಿರ್ತಾರೆ. ಆ 26 ಯಾರು ಅಂತ ನಿಮಗೂ ಗೊತ್ತು. ಹೋಬಳಿ ಮಟ್ಟಕ್ಕೆ ಹೋಗಿ ಕಪ್ಪು ತರೋ ಹುಡುಗರು. ಉಳಿದೋರು ಹೊಂಗೆ ಮರದ ಕೆಳಗೆ ಮಣ್ಣು ಕೆರೀತಾ ಕೂರ್ತಾರೆ. ಸ್ವಲ್ಪ ದಪ್ಪಗಿರೋ ಹುಡುಗಿ, ದಪ್ಪ ಕನ್ನಡಕದ ಹುಡುಗ, ದಮ್ಮು ಕಟ್ಟೋ ಮಗು, ಎಲ್ಲರೂ ಅಲ್ಲೇ. ಬರೋರಿಗೆ ಆಟ ಹೇಗೂ ಬರುತ್ತೆ. ಬರದೇ ಇರೋರಿಗೆ ಕಲಿಸೋಕೆ ಅಂತಲೇ ಸರ್ಕಾರ ನನಗೆ ಸಂಬಳ ಕೊಡೋದು.

ಹೆಡ್‌ಮೇಷ್ಟ್ರು: ಹಾಗಾದರೆ ಕವಾಯತು ಮಾಡಿಸಿ. ನಮ್ಮ ಕಾಲದಲ್ಲಿ ಇಡೀ ಸ್ಕೂಲಿಗೆ ಒಬ್ಬರೇ ಡ್ರಿಲ್ ಮೇಷ್ಟ್ರು. ಒಂದು ವಿಷಲ್ಲಿಗೆ 300 ಕೈ ಮೇಲೆ ಹೋಗ್ತಿತ್ತು. ನೋಡೋಕೆ ಎಷ್ಟು ಚೆಂದ ಇತ್ತು.

ಪಿ.ಟಿ. ಮೇಡಂ: ನೋಡೋರಿಗೆ ಚೆಂದ. ಸ್ವೀಡನ್ನಿನ ಲಿಂಗ್ ಅನ್ನೋರು 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆ ತೆರೆದರು. ಅವರ ಪದ್ಧತಿ ಆಮೇಲೆ ಬ್ರಿಟನ್ನಿನ ಪ್ರಾಥಮಿಕ ಶಾಲೆಗಳಿಗೆ ಬಂತು. ಅಲ್ಲಿನ ಕಿಕ್ಕಿರಿದ ಶಾಲೆಗಳಿಗೆ ಅದು ಹೊಂದಿಕೊಂಡಿದ್ದು ಯಾಕೆ ಅಂದರೆ ಸಾಮಾನು ಬೇಡ, ಹೆಚ್ಚು ಜಾಗ ಬೇಡ, ಒಬ್ಬರ ಅಪ್ಪಣೆಗೆ ಎಷ್ಟು ಜನ ಬೇಕಾದರೂ ಕೈ ಎತ್ತಬಹುದು. ಅಂದರೆ ಕವಾಯತು ಶಾಲೆಗಳಲ್ಲಿ ಬೇರೂರಿದ್ದು ಮಕ್ಕಳಿಗೆ ಬೇಕು ಅಂತಲ್ಲ, ಮಕ್ಕಳು ಜಾಸ್ತಿ, ಮೇಷ್ಟ್ರು ಕಮ್ಮಿ ಅಂತ. ನಮ್ಮ ದೇಶದಲ್ಲಿ ಆಟ ಕಲಿಸೋ ಮೇಷ್ಟ್ರುಗಳನ್ನ ತಯಾರು ಮಾಡೋಕೆ ಹ್ಯಾರಿ ಬಕ್ ಅನ್ನೋರು ಮದ್ರಾಸಿನ ವೈಎಂಸಿಎಯಲ್ಲಿ 1920ರಲ್ಲೇ ಕಾಲೇಜು ಶುರು ಮಾಡಿದರು. ನೂರು ವರ್ಷ ದಾಟಿತು. ನಾವು ಇನ್ನೂ ಕೈ ಎತ್ತಿಸ್ತಾ ಇದೀವಿ.

ಹೆಡ್‌ಮೇಷ್ಟ್ರು: ನೋಡಿ ಮೇಡಂ, ಬಿಡಿಸಿ ಹೇಳ್ತೀನಿ. ಕೂಡಿಸಿದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ. ಉಳಿದವರಿಗೂ ದಿನಕ್ಕೊಂದು ಪಿರಿಯಡ್ಡಾದರೂ ಬಿಡುವು ಬೇಕು. ಕನ್ನಡ ಮೇಡಂ ನೋಟ್ಸ್ ತಿದ್ದೋದು ಯಾವಾಗ? ವಿಜ್ಞಾನದವರು ಸ್ಯಾಟ್ಸ್‌ಗೆ ಮಾಹಿತಿ ತುಂಬೋದು, ಬಿಸಿಯೂಟದ ಅಕ್ಕಿ ಬೇಳೆ ಲೆಕ್ಕ ಬರೆಯೋದು ಯಾವಾಗ? ಸಮಾಜದವರು ಬಿಎಲ್‌ಒ ಬೇರೆ, ಮತದಾರರ ಪಟ್ಟಿ ಹಿಡ್ಕೊಂಡು ಮನೆ ಮನೆ ತಿರುಗ್ತಾರೆ. ತರಬೇತಿ ಅಂತ ಒಬ್ಬರು ಬ್ಲಾಕ್ ಆಫೀಸಿಗೆ ಹೋಗಿರ್ತಾರೆ. ಮಕ್ಕಳನ್ನ ಯಾರಾದರೂ ಒಬ್ಬರು ನೋಡ್ಕೊಳ್ಳಲೇಬೇಕಲ್ಲ.

ಪಿ.ಟಿ. ಮೇಡಂ: ಅದೇ ಸಾರ್ ನನ್ನ ತಕರಾರು. ಆ 40 ನಿಮಿಷ ಇಟ್ಟಿರೋದು ಮಕ್ಕಳಿಗಲ್ಲ, ಸ್ಟಾಫ್ ರೂಮಿಗೆ. ಕೊನೇ ಪಿರಿಯಡ್ಡು ದೊಡ್ಡಿ ಆಗಿದೆ, ನಾನು ದೊಡ್ಡಿ ಕಾಯೋಳು. ಒಳಗೆ ಎಷ್ಟು ದನ ಹೊಡೆದರು ಅಂತ ಯಾರು ಎಣಿಸ್ತಾರೆ?

ಹೆಡ್‌ಮೇಷ್ಟ್ರು: ಎಣಿಸೋಕೆ ಆರ್‌ಟಿಇ ಇದೆಯಲ್ಲ. ಇಷ್ಟು ಮಕ್ಕಳಿಗೆ ಇಷ್ಟು ಮೇಷ್ಟ್ರು ಅಂತ ಕಾನೂನೇ ಹೇಳುತ್ತೆ.

ಪಿ.ಟಿ. ಮೇಡಂ: ಅದರ ಅನುಸೂಚಿ ಓದಿದೀನಿ. 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಒಂದರಿಂದ ಐದಕ್ಕೆ 60 ಮಕ್ಕಳವರೆಗೆ ಇಬ್ಬರು, 90ರವರೆಗೆ ಮೂವರು, 120ರವರೆಗೆ ನಾಲ್ವರು, ಹೀಗೆ ಹೋಗುತ್ತೆ. ಆರರಿಂದ ಎಂಟಕ್ಕೆ 35 ಮಕ್ಕಳಿಗೊಬ್ಬರು. ವಿಜ್ಞಾನ, ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. ನಮ್ಮ ಸರದಿ ಬರೋದು ಆಮೇಲೆ. ಮಕ್ಕಳು 100 ದಾಟಿದರೆ ಕಲೆಗೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಬೋಧಕರು, ಅದೂ ಅರೆಕಾಲಿಕ. ಆ ಬೋಧಕರ ಮುಂದೆ ಒಂದು ಹೊತ್ತಿಗೆ ಎಷ್ಟು ಮಕ್ಕಳಿರಬೇಕು ಅನ್ನೋದಕ್ಕೆ ಅಲ್ಲಿ ಅಂಕಿಯೇ ಇಲ್ಲ. ಇನ್ನು ಒಂದರಿಂದ ಐದನೇ ಕ್ಲಾಸಿನ ಭಾಗದಲ್ಲಿ ಈ ಬೋಧಕರ ಸಾಲೇ ಇಲ್ಲ. ಓಡದೆ, ಗೀಚದೆ, ಕಿರುಚದೆ ಇರಲಾರದ ವಯಸ್ಸು ಅದು.

ಹೆಡ್‌ಮೇಷ್ಟ್ರು: ಸಣ್ಣವರಿಗೆ ನಲಿ-ಕಲಿ ಇದೆ. ದಿನವೆಲ್ಲ ಹಾಡು, ಕುಣಿತ.

ಪಿ.ಟಿ. ಮೇಡಂ: ಇದೆ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳೇ ಸೇರಿ ಕಟ್ಟಿದ ಪದ್ಧತಿ, ಅದಕ್ಕೆ ಕೈ ಮುಗೀತೀನಿ. ಆದರೆ ಅಲ್ಲಿ ಹಾಡಿನಿಂದ ಅಕ್ಷರ ಕಲಿಸ್ತಾರೆ. ಹಾಡನ್ನೇ ಕಲಿಸೋರು ಯಾರು?

ಡ್ರಾಯಿಂಗ್ ಮೇಷ್ಟ್ರು: ನಮಸ್ಕಾರ ಸಾರ್. ಗೇಟಿನವರೆಗೂ ದನಿ ಕೇಳ್ತಿದೆ. ನನ್ನ ಪಟ್ಟಿಯೂ ಆಯ್ತಾ?

ಹೆಡ್‌ಮೇಷ್ಟ್ರು: ಬನ್ನಿ ಮೇಷ್ಟ್ರೇ. ನಿಮಗೆ ಬುಧವಾರ, ಶುಕ್ರವಾರ. ನಾಲ್ಕು, ಐದು ಒಟ್ಟಿಗೆ, ಆರು, ಏಳು ಒಟ್ಟಿಗೆ. ಹಾಲ್‌ನಲ್ಲಿ ಕೂರಿಸ್ಕೊಳ್ಳಿ. ನಿಮಗಂತೂ ತಕರಾರಿರಲ್ಲ. ನಿಮ್ಮ ಕ್ಲಾಸಲ್ಲಿ ಸೂಜಿ ಬಿದ್ದರೂ ಕೇಳಿಸುತ್ತೆ.

ಡ್ರಾಯಿಂಗ್ ಮೇಷ್ಟ್ರು: ಕೇಳಿಸುತ್ತೆ. ಹೇಗೆ ಅಂತ ಹೇಳ್ಲಾ? ಹಾಲ್‌ಗೆ ಹೋದ ತಕ್ಷಣ ಬೋರ್ಡಿನ ಮೇಲೆ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲೊಂದು ಗುಡಿಸಲು, ಪಕ್ಕ ತೆಂಗಿನಮರ, ಆಕಾಶಕ್ಕೆ ನಾಲ್ಕು ಹಕ್ಕಿ ಬರೆದುಬಿಡ್ತೀನಿ. 70 ಮಕ್ಕಳೂ ತಲೆ ಬಗ್ಗಿಸ್ಕೊಂಡು ಅದನ್ನೇ ಇಳಿಸ್ಕೋತಾರೆ. ಈ ಮಕ್ಕಳು ಹುಟ್ಟಿದಾಗಿನಿಂದ ನೋಡಿರೋದು ಕಬ್ಬಿನ ಗದ್ದೆ, ವಿಶ್ವೇಶ್ವರಯ್ಯ ನಾಲೆ, ಆಲೆಮನೆ ಹೊಗೆ, ಕಬ್ಬು ಹೇರಿದ ಟ್ರ್ಯಾಕ್ಟರು. ಅದೊಂದೂ ಹಾಳೆ ಮೇಲೆ ಬರಲ್ಲ. ಇನ್ನೊಂದು ರೀತೀಲೂ ಮಾಡಿ ನೋಡಿದೀನಿ. ನೀವು ಕಂಡಿದ್ದನ್ನ ಬರೀರಿ ಅಂದೆ. ಐದೇ ನಿಮಿಷಕ್ಕೆ ಮೈಮೇಲೆ ಬಿದ್ದರು. ಸಾರ್, ಎತ್ತಿನ ಹಿಂಗಾಲು ಎತ್ತ ಬಗ್ಗುತ್ತೆ? ಸಾರ್, ಹೊಗೆಗೆ ಯಾವ ಬಣ್ಣ? ಅವು ನಿಜವಾದ ಪ್ರಶ್ನೆಗಳು. ಒಬ್ಬೊಬ್ಬರ ಪಕ್ಕ ಕೂತು, ಹೋಗಿ ಎತ್ತನ್ನ ನೋಡ್ಕೊಂಡು ಬಾ ಅಂತ ಕಳಿಸಿ, ಬಂದಮೇಲೆ ಮತ್ತೆ ನೋಡಬೇಕು. ಲೆಕ್ಕ ಹಾಕಿ ಸಾರ್. 40 ನಿಮಿಷಾನ 70 ಮಕ್ಕಳಿಗೆ ಹಂಚಿದರೆ ತಲೆಗೆ 34 ಸೆಕೆಂಡು. ಬಣ್ಣದ ಡಬ್ಬಿ ಕೊಟ್ಟು ವಾಪಸ್ ಎಣಿಸ್ಕೊಳ್ಳೋ ಹೊತ್ತು ಕಳೆದರೆ ಇಪ್ಪತ್ತು. ಇಪ್ಪತ್ತು ಸೆಕೆಂಡಲ್ಲಿ ಹೇಳಬಹುದಾದ್ದು ಒಂದೇ, ಬೋರ್ಡ್ ನೋಡ್ಕೊಂಡು ಬರಿ.

ಪಿ.ಟಿ. ಮೇಡಂ: ನನ್ನ ಕವಾಯತು, ನಿಮ್ಮ ಎರಡು ಬೆಟ್ಟ, ಎರಡೂ ಒಂದೇ ಮೇಷ್ಟ್ರೇ. ಪಾಠ ಏನಿರಬೇಕು ಅಂತ ನಿರ್ಧಾರ ಮಾಡೋದು ನಾವಲ್ಲ, ಎದುರಿಗೆ ಕೂತಿರೋ ಸಂಖ್ಯೆ.

ಡ್ರಾಯಿಂಗ್ ಮೇಷ್ಟ್ರು: ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದ್ ಅನ್ನೋರು 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಹಳ್ಳಿ ಮಕ್ಕಳಿಗೆ ಚಿತ್ರ ಕಲಿಸಿದರು. ಕಲೆಯೇ ಶಿಕ್ಷಣದ ಬುನಾದಿ ಅಂತ ಪುಸ್ತಕ ಬರೆದರು. ಪುತ್ತೂರಿನ ಬಾಲವನದಲ್ಲಿ ಕಾರಂತರು ಮಕ್ಕಳನ್ನ ಕಟ್ಟಿಕೊಂಡು ನಾಟಕ, ಕುಣಿತ ಅಂತ ಏನೆಲ್ಲ ಮಾಡಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೂ ಕಲೆ ಇರಲೇಬೇಕು ಅಂದಿತು.

ಹೆಡ್‌ಮೇಷ್ಟ್ರು: ಆಶ್ರಮದ ಕತೆ, ಬಾಲವನದ ಕತೆ ಬಿಡಿ ಮೇಷ್ಟ್ರೇ. ಅಲ್ಲಿ ಇದ್ದ ಮಕ್ಕಳೆಷ್ಟು, ನಮ್ಮಲ್ಲಿರೋ ಮಕ್ಕಳೆಷ್ಟು?

ಡ್ರಾಯಿಂಗ್ ಮೇಷ್ಟ್ರು: ನಾನು ಹೇಳೋಕೆ ಹೊರಟಿದ್ದೂ ಅದೇ ಸಾರ್. ಆ ಪುಸ್ತಕಗಳನ್ನ ಬರೆದವರ ಕಣ್ಣ ಮುಂದೆ ಇದ್ದಿದ್ದು ಒಂದು ಕೋಣೆ ತುಂಬ ಮಕ್ಕಳು. ನನ್ನ ಕಣ್ಣ ಮುಂದೆ ಇರೋದು ಒಂದು ಹಾಲ್ ತುಂಬ. ತರಬೇತಿಯಲ್ಲಿ ಅವರ ಪುಸ್ತಕ ಓದಿಸ್ತಾರೆ, ಆಮೇಲೆ ಹಾಲ್ ಬೀಗದ ಕೈ ಕೊಡ್ತಾರೆ.

ಹೆಡ್‌ಮೇಷ್ಟ್ರು: ಸಂಗೀತದ್ದೊಂದು ತಲೆನೋವಿಲ್ಲ. ಸಂಗೀತಕ್ಕೆ ಮೇಷ್ಟ್ರೇ ಇಲ್ಲ.

ಪಿ.ಟಿ. ಮೇಡಂ: ಮೇಷ್ಟ್ರಿಲ್ಲ, ಆದರೆ ಕ್ಲಾಸಿದೆ ಸಾರ್. ನಮ್ಮ ಶಾಲೆಯ ಅತಿ ದೊಡ್ಡ ಕ್ಲಾಸ್ ಅದೇ. ದಿನಾ ಬೆಳಗ್ಗೆ ಪ್ರಾರ್ಥನೆಗೆ ಇಡೀ ಸ್ಕೂಲೇ ನಿಂತಿರುತ್ತೆ. ನಾಡಗೀತೆಯನ್ನ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕು ಅಂತ 2022ರಲ್ಲಿ ಆದೇಶ ಆಯ್ತು. ಹಾಡಿ ಮುಗಿಸೋಕೆ ಎಷ್ಟು ಹೊತ್ತು ಅಂತ ಎಲ್ಲರಿಗೂ ತಿಳೀತು. ಕಲಿಸೋಕೆ ಎಷ್ಟು ಹೊತ್ತು ಬೇಕು, ಕಲಿಸೋರು ಯಾರು, ಅದನ್ನ ಕೇಳಿದೋರಿಲ್ಲ.

ಹೆಡ್‌ಮೇಷ್ಟ್ರು: ಹಾಡಿಗೆ ಜನ ಇದ್ದಷ್ಟೂ ಒಳ್ಳೇದಲ್ಲವಾ? ಭಜನೆಗೆ ನಾಲ್ಕು ಜನ ಕೂತರೆ ಕಳೆ ಬರುತ್ತಾ?

ಡ್ರಾಯಿಂಗ್ ಮೇಷ್ಟ್ರು: ಅದು ನಿಜ ಮೇಡಂ, ಸಾರ್ ಹೇಳಿದ್ದನ್ನ ತಳ್ಳಿಹಾಕೋಕಾಗಲ್ಲ. ಕೋಲಾಟಕ್ಕೆ ಹದಿನಾರು, ಇಪ್ಪತ್ನಾಲ್ಕು ಜನ ಇದ್ದರೇ ರಂಗು. ಆದರೆ ನಮ್ಮೂರಲ್ಲಿ ಕೋಲಾಟ ಕಲಿತೋರು ಮಾರಮ್ಮನ ಗುಡಿ ಮುಂದೆ ರಾತ್ರಿ ರಾತ್ರಿ ದೊಡ್ಡೋರ ಪಕ್ಕ ನಿಂತು ಕಲಿತಿದ್ದು. ಕೋಲು ತಪ್ಪಿದಾಗ ಪಕ್ಕದೋನು ಬೆರಳಿಗೆ ಕೊಡ್ತಿದ್ದ, ಸರಿಯಾಗ್ತಿತ್ತು. ಒಬ್ಬ ಹೊಸಬನಿಗೆ ಎರಡೂ ಕಡೆ ಬಲ್ಲವರು. ನಮ್ಮ ಪ್ರಾರ್ಥನೇಲಿ ನೂರು ಹೊಸಬರಿಗೆ ಬಲ್ಲವರು ಒಬ್ಬರೂ ಇಲ್ಲ.

ಪಿ.ಟಿ. ಮೇಡಂ: ಆಗಸ್ಟ್ 15ಕ್ಕೆ ನಾವು ಮಾಡೋದೇನು? ಕಂಠ ಚೆನ್ನಾಗಿರೋ ಹತ್ತು ಹನ್ನೆರಡು ಮಕ್ಕಳನ್ನ ಮೈಕ್ ಮುಂದೆ ನಿಲ್ಲಿಸ್ತೀವಿ. ಹಿಂದಿನೋರಿಗೆ, ನೀವು ಬರೀ ತುಟಿ ಆಡಿಸಿ ಸಾಕು ಅಂತೀವಿ. ಶ್ರುತಿ ಸೇರದ ಮಗುವನ್ನ ಹತ್ತಿರ ಕೂರಿಸ್ಕೊಂಡು ಒಂದು ಸ್ವರ ಹಿಡಿಸೋಕೆ ಸಂಗೀತ ಬಲ್ಲವರಿಗೂ ಹೊತ್ತು ಬೇಕು. ನಮಗೆ ಸಂಗೀತವೂ ಇಲ್ಲ, ಹೊತ್ತೂ ಇಲ್ಲ.

(ಬರೆಯುತ್ತಿರುವವನ ಒಂದು ಮಾತು: ನಮ್ಮ ನಡುವೆ “ನನಗೆ ಹಾಡೋಕೆ ಬರಲ್ಲ” ಎಂದು ಹಣೆಬರಹದಂತೆ ಹೇಳಿಕೊಳ್ಳುವವರನ್ನು ಸ್ವಲ್ಪ ಕೆದಕಿದರೆ, ಅವರಲ್ಲಿ ಎಷ್ಟೋ ಮಂದಿ ಹಿಂದಿನ ಸಾಲಿನಲ್ಲಿ ತುಟಿ ಆಡಿಸಿ ಬಂದವರು. ಅವರಿಗೆ ಹಾಡು ಬರುವುದಿಲ್ಲವೆಂದು ತೀರ್ಮಾನಿಸಿದ್ದು ಯಾವ ಪರೀಕ್ಷೆಯೂ ಅಲ್ಲ, ಜಾಗದ ಅಭಾವ.)

ಡ್ರಾಯಿಂಗ್ ಮೇಷ್ಟ್ರು: ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರ್ ಕೆಲಸ ಮಾಡಿದವರು. ಮಕ್ಕಳು ಹಾಡ್ಕೊಂಡು ಕುಣೀಲಿ ಅಂತ ಪದ್ಯ ಬರೆದರು. ಈಗ ತಪಾಸಣೆಗೆ ಬರೋರು ಹಾಡಿನ ಮಾತು ಎತ್ತೋದನ್ನ ನಾನಂತೂ ಕೇಳಿಲ್ಲ. ಶೌಚಾಲಯ, ಅಕ್ಕಿ ಮೂಟೆ, ಹಾಜರಿ ಪುಸ್ತಕ, ಮುಗೀತು.

ಹೆಡ್‌ಮೇಷ್ಟ್ರು: ಇದು ನಮ್ಮ ಬಡ ದೇಶದ್ದೇ ರೋಗ ಅಂದುಕೋಬೇಡಿ ನೀವಿಬ್ಬರೂ. ನನ್ನ ಮಗಳು ಫ್ಲಾರಿಡಾದಲ್ಲಿದ್ದಾಳೆ. ಮೊಮ್ಮಗ ಅಲ್ಲೇ ಎರಡನೇ ಕ್ಲಾಸು. ಅಲ್ಲಿ 2002ರಲ್ಲಿ ಜನರೇ ವೋಟು ಹಾಕಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದರಂತೆ. ಮೂರನೇ ಕ್ಲಾಸಿನವರೆಗೆ ಒಂದು ಕೋಣೆಯಲ್ಲಿ 18 ಮಕ್ಕಳಿಗಿಂತ ಹೆಚ್ಚಿರಕೂಡದು, ನಾಲ್ಕರಿಂದ ಎಂಟಕ್ಕೆ 22, ಹೈಸ್ಕೂಲಿಗೆ 25. ನನಗೆ ಹೊಟ್ಟೆಕಿಚ್ಚಾಯ್ತು. ಆದರೆ ಆ ಲೆಕ್ಕ ಓದು, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳಿಗೆ ಮಾತ್ರ. ಸಂಗೀತ, ಚಿತ್ರ, ವ್ಯಾಯಾಮ ಅದರ ಹೊರಗೆ. ಮೊಮ್ಮಗನ ಕ್ಲಾಸಿನವರು ಆಟದ ಹೊತ್ತಿಗೆ ಇನ್ನೆರಡು ಕ್ಲಾಸಿನವರ ಜತೆ ಒಬ್ಬರೇ ಕೋಚ್ ಕೈಕೆಳಗೆ. ಅವರ ಕ್ಲಾಸ್ ಟೀಚರ್ ಪಾಠ ತಯಾರಿಸ್ಕೊಳ್ಳೋದು ಆ ಹೊತ್ತಿನಲ್ಲೇ. ನಾನು ಹಾಕಿರೋ ವೇಳಾಪಟ್ಟಿಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ?

ಪಿ.ಟಿ. ಮೇಡಂ: ವ್ಯತ್ಯಾಸ ಇಲ್ಲ ಅನ್ನೋದೇ ಬೇಜಾರು ಸಾರ್. ದುಡ್ಡಿನ ಕೊರತೆ ಒಂದೇ ಕಾರಣ ಆಗಿದ್ದರೆ ಅಲ್ಲಾದರೂ ಬೇರೆ ಥರ ಇರಬೇಕಿತ್ತು. 18 ಮಕ್ಕಳ ಕೋಣೆ ಮಾಡೋಕೆ ಮೇಷ್ಟ್ರು ಬೇಕು, ಆ ಮೇಷ್ಟ್ರುಗಳಿಗೆ ಬಿಡುವು ಬೇಕು, ಬಿಡುವು ಹುಟ್ಟೋದು ನಮ್ಮ ಬಯಲಲ್ಲಿ. ಒಳಗೆ ಕಮ್ಮಿ ಮಾಡಿದ್ದು ಹೊರಗೆ ಬಂದು ತುಂಬುತ್ತೆ.

ಡ್ರಾಯಿಂಗ್ ಮೇಷ್ಟ್ರು: ಅಮೆರಿಕದಲ್ಲಿ ಇದಕ್ಕೆ ಬೇರೂ ಇದೆ. 1985ರಲ್ಲಿ ಟೆನೆಸಿಯಲ್ಲಿ ದೊಡ್ಡ ಪ್ರಯೋಗ ಮಾಡಿದರು, ಸ್ಟಾರ್ ಅಂತ. 13ರಿಂದ 17 ಮಕ್ಕಳ ಸಣ್ಣ ಕ್ಲಾಸು, 22ರಿಂದ 25ರ ಮಾಮೂಲಿ ಕ್ಲಾಸು. ಸಣ್ಣ ಕ್ಲಾಸಿನ ಮಕ್ಕಳು ಓದು, ಗಣಿತದಲ್ಲಿ ಮುಂದೆ ಬಂದರು. ಅವರು ಮುಖ್ಯವಾಗಿ ಅಳೆದಿದ್ದು ಅದನ್ನೇ. ಅಳೆದಿದ್ದಕ್ಕೆ ಮಿತಿ ಬಂತು. ಒಂದು ಮಗು ಎಷ್ಟು ಧೈರ್ಯವಾಗಿ ಗೆರೆ ಎಳೀತು ಅಂತ ಅಳೆಯೋಕೆ ಯಾವ ಸ್ಕೇಲಿದೆ?

ಹೆಡ್‌ಮೇಷ್ಟ್ರು: ಎಲ್ಲ ಕಡೆ ಹಾಗಿಲ್ಲ ಬಿಡಿ. ನ್ಯೂಯಾರ್ಕ್ ನಗರಕ್ಕೆ 2022ರಲ್ಲಿ ಮಾಡಿದ ಕಾನೂನಿನಲ್ಲಿ ಮೂರನೇ ಕ್ಲಾಸಿನವರೆಗೆ 20, ಎಂಟರವರೆಗೆ 23 ಅಂತ ಇಟ್ಟು, ವ್ಯಾಯಾಮಕ್ಕೂ ವಾದ್ಯಗೋಷ್ಠಿ, ಮೇಳಗಾನದಂಥ ತಂಡಗಳಿಗೂ 40 ಅಂತ ಇಟ್ಟಿದ್ದಾರೆ.

ಪಿ.ಟಿ. ಮೇಡಂ: 40 ಜಾಸ್ತಿಯೇ. ಆದರೂ ಒಂದು ಅಂಕಿ ಅಂತ ಇದೆ. 41ನೇ ಮಗು ಬಂದರೆ ಯಾರಾದರೂ ಕೇಳಬಹುದು. ನನ್ನ ಹತ್ತಿರ 111ನೇ ಮಗು ಬಂದರೂ ಕೇಳೋರಿಲ್ಲ. ಕೇಳೋದು ಒಂದೇ ಒಂದು ದಿನ, ಯಾವುದಾದರೂ ಮಗು ಬಿದ್ದು ಕೈ ಮುರ್ಕೊಂಡ ದಿನ. ಅವತ್ತು ಮಾತ್ರ, ಆ ಹೊತ್ತಲ್ಲಿ ಮೇಡಂ ಎಲ್ಲಿ ನೋಡ್ತಿದ್ದರು ಅಂತ ಊರೇ ಬಂದು ಕೇಳುತ್ತೆ.

ಹೆಡ್‌ಮೇಷ್ಟ್ರು: ಹ್ಞೂಂ.

ಪಿ.ಟಿ. ಮೇಡಂ: ಗ್ರೇಡಿನ ಕತೆಯೂ ಕೇಳಿ. ಸಿಸಿಇ ಅನ್ನೋ ನಿರಂತರ ಮೌಲ್ಯಮಾಪನ ಬಂದಮೇಲೆ ಭಾಗ-ಬಿ ಅಂತ ನಾವೂ ಗ್ರೇಡ್ ತುಂಬಬೇಕು. ಅರ್ಧ ಮಕ್ಕಳ ಮುಖ ಗೊತ್ತು, ಹೆಸರು ಗೊತ್ತಿಲ್ಲ. ಹೆಸರು ಗೊತ್ತಿರೋರು ಓಡೋದನ್ನ ನೋಡಿದೀನಿ, ಉಳಿದೋರು ಕೂತಿರೋದನ್ನ ನೋಡಿದೀನಿ. ಎಲ್ಲರಿಗೂ ‘ಎ’ ಹಾಕ್ತೀನಿ. ಯಾರಿಗಾದರೂ ‘ಬಿ’ ಹಾಕಿ, ಅವರಪ್ಪ ಬಂದು ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಡ್ರಾಯಿಂಗ್ ಮೇಷ್ಟ್ರು: ನಾನೂ ‘ಎ’. ಎರಡು ಬೆಟ್ಟಕ್ಕೆ ಇನ್ನೇನು ಕೊಡೋಣ.

ಹೆಡ್‌ಮೇಷ್ಟ್ರು: 2020ರ ಶಿಕ್ಷಣ ನೀತಿ ಏನೋ ಹೇಳಿದೆಯಲ್ಲ. ಪ್ರತಿ ಶಾಲೆಯಲ್ಲೂ ಒಬ್ಬ ಶಿಕ್ಷಕರಿಗೆ 30ರೊಳಗೆ ಮಕ್ಕಳು, ಹಿಂದುಳಿದ ಪ್ರದೇಶಗಳಲ್ಲಿ 25ರೊಳಗೆ. ಕಲೆ, ಆಟದ ಮೇಷ್ಟ್ರುಗಳನ್ನ ಅಕ್ಕಪಕ್ಕದ ಶಾಲೆಗಳು ಹಂಚ್ಕೋಬಹುದು ಅಂತಲೂ ಇದೆ.

ಡ್ರಾಯಿಂಗ್ ಮೇಷ್ಟ್ರು: ಆ ಹಂಚಿಕೆ ಅಂದರೆ ನಾನೇ ಸಾರ್. ನಿಮ್ಮ ಮುಂದೆ ನಿಂತಿದೀನಿ. ಹಂಚ್ಕೊಂಡಿದ್ದಕ್ಕೇ ನೀವು ಎರಡೆರಡು ಕ್ಲಾಸ್ ಕೂಡಿಸಿರೋದು. ವಾರಕ್ಕೆರಡು ದಿನ ಬರ್ತಾರೆ, ಅಷ್ಟರಲ್ಲೇ ಎಲ್ಲರಿಗೂ ಆಗಲಿ ಅಂತ. ಇನ್ನು 30ರ ಲೆಕ್ಕ ಸರಾಸರಿ. ಒಟ್ಟು ಮಕ್ಕಳನ್ನ ಒಟ್ಟು ಮೇಷ್ಟ್ರುಗಳಿಂದ ಭಾಗಿಸಿದರೆ ನಮ್ಮ ಶಾಲೆಯೂ ಪಾಸು. ಕೊನೇ ಪಿರಿಯಡ್ಡಿಗೆ ಬಂದು ಬಯಲಲ್ಲಿ ನಿಂತು ಭಾಗಿಸಿದರೆ ಬೇರೆ ಉತ್ತರ ಬರುತ್ತೆ.

ಹೆಡ್‌ಮೇಷ್ಟ್ರು: ಸರಿ. ದೂರು ಆಯ್ತು. ನಿಮಗೇನು ಬೇಕು ಹೇಳಿ ಮೇಡಂ. ಹೊಸ ಪೋಸ್ಟ್ ತರೋಕೆ ನನ್ನ ಕೈಲಾಗಲ್ಲ, ಬಿಇಒ ಕೈಲೂ ಆಗಲ್ಲ.

ಪಿ.ಟಿ. ಮೇಡಂ: ಪೋಸ್ಟ್ ಬೇಡ. ಕೂಡಿಸಬೇಡಿ, ಅಷ್ಟೇ. ಒಂದು ಸಲಕ್ಕೆ ಒಂದೇ ತರಗತಿ ಕೊಡಿ.

ಹೆಡ್‌ಮೇಷ್ಟ್ರು: ಹಾಗೆ ಮಾಡಿದರೆ ಒಂದೊಂದು ತರಗತಿಗೆ ನೀವು ಸಿಗೋದು ವಾರಕ್ಕೆ ಎರಡೇ ಸಲ. ಈಗ ದಿನಾ ಸಿಗ್ತೀರಿ. ಬೆಳೆಯೋ ಮಕ್ಕಳು ದಿನಾ ಬಿಸಿಲಿಗೆ ಬರೋದು ಬೇಡವಾ? ಈ ಮಾತಿಗೆ ಉತ್ತರ ಹೇಳಿ.

ಪಿ.ಟಿ. ಮೇಡಂ: ದಿನಾ ಬರಲಿ. ಆದರೆ ಆಡೋದು ಬೇರೆ, ಆಟ ಕಲಿಯೋದು ಬೇರೆ ಸಾರ್. ಆಡೋಕೆ ನಾನು ಬೇಕಿಲ್ಲ. ಲಗೋರಿ, ಕುಂಟೆಬಿಲ್ಲೆ, ಮರಕೋತಿ ಅವರವರೇ ಆಡ್ಕೋತಾರೆ. ಯಾರಾದರೂ ದೊಡ್ಡೋರು ಒಬ್ಬರು ಬಯಲಲ್ಲಿ ಇದ್ದರೆ ಸಾಕು. ಕಲಿಯೋಕೆ ನಾನು ಬೇಕು, ಆಗ ಎದುರಿಗೆ ಒಂದು ತರಗತಿಗಿಂತ ಹೆಚ್ಚು ಬೇಡ. ಏಳನೇ ಕ್ಲಾಸು ನನ್ನ ಹತ್ತಿರ ಇರುವಾಗ ಆರು, ಎಂಟನೇ ಕ್ಲಾಸು ತಮ್ಮ ಪಾಡಿಗೆ ಆಡಲಿ, ಬೇರೆ ಮೇಷ್ಟ್ರೊಬ್ಬರು ಸರದಿ ಮೇಲೆ ನಿಂತಿರಲಿ. ವಾರಕ್ಕೊಂದು ಸಲ ಒಬ್ಬರಿಗೆ. ಉಳಿದ ನಾಲ್ಕೈದು ದಿನ ಅವರ ನೋಟ್ಸು, ಸ್ಯಾಟ್ಸು ಎಲ್ಲ ಆಗುತ್ತೆ.

ಡ್ರಾಯಿಂಗ್ ಮೇಷ್ಟ್ರು: ನನಗೂ ಹಾಗೇ ಮಾಡಿ. ನಾಲ್ಕನೇ ಕ್ಲಾಸು ಒಂದು ವಾರ, ಐದನೇ ಕ್ಲಾಸು ಇನ್ನೊಂದು ವಾರ. ಹದಿನೈದು ದಿನಕ್ಕೊಂದು ಸಲ ಆದರೂ ಪರವಾಗಿಲ್ಲ, ಮೂವತ್ತು ಜನರನ್ನ ಕರ್ಕೊಂಡು ಆಲೆಮನೆಗೇ ಹೋಗ್ತೀನಿ. 70 ಜನರನ್ನ ಕಟ್ಕೊಂಡು ಹೋದರೆ ಬೆಲ್ಲದ ಕೊಪ್ಪರಿಗೆ ಪಕ್ಕ ಏನು ಅನಾಹುತ ಆಗುತ್ತೋ.

ಹೆಡ್‌ಮೇಷ್ಟ್ರು: ಆಲೆಮನೆಗೆ ಎಸ್‌ಡಿಎಂಸಿ ಅಧ್ಯಕ್ಷರ ಒಪ್ಪಿಗೆ ಬೇಕು.

ಡ್ರಾಯಿಂಗ್ ಮೇಷ್ಟ್ರು: ಆಲೆಮನೆ ಅವರದ್ದೇ ಸಾರ್.

ಹೆಡ್‌ಮೇಷ್ಟ್ರು: ಸರಿ ಬಿಡಿ, ಅದಾಗುತ್ತೆ. ಮೇಡಂ, ನಿಮ್ಮದೇ ಕಷ್ಟ. ಉಳಿದ ಮೇಷ್ಟ್ರುಗಳು ಒಪ್ಪಲ್ಲ. ಮೀಟಿಂಗಲ್ಲಿ ಎದ್ದು ನಿಂತು, ನಮಗೆ ಆಟ ಬರಲ್ಲ, ಬಿಸಿಲಲ್ಲಿ ಯಾಕೆ ನಿಲ್ಲಬೇಕು ಅಂತಾರೆ. ಮೊದಲು ಬಾಯಿ ತೆಗೆಯೋದೇ ಗಣಿತ ಮೇಡಂ.

ಪಿ.ಟಿ. ಮೇಡಂ: ಅವರ ಜತೆ ಮಾತಾಡ್ಕೊಂಡೇ ಬಂದಿದೀನಿ. ಡಿ.ಎಡ್. ಓದುವಾಗ ಥ್ರೋಬಾಲ್ ಟೀಮಲ್ಲಿದ್ದರಂತೆ. ನೆಟ್ ಹರಿದಿದೆ, ಹೊಸದು ತರಿಸಿದರೆ ಬರ್ತೀನಿ ಅಂದರು.

ಹೆಡ್‌ಮೇಷ್ಟ್ರು: ಹೌದಾ? ಹಾಗಾದರೆ ಪೆನ್ಸಿಲ್ ಕೊಡಿ ಇಲ್ಲಿ. ಶುಕ್ರವಾರ ಕೊನೇ ಪಿರಿಯಡ್ಡಿಗೆ ಅವರ ಹೆಸರು ಬರ್ಕೋತೀನಿ. ನೆಟ್ಟಿನ ಬಿಲ್ಲು ಮಾತ್ರ ನೀವೇ ತಂದು ಕೊಡಬೇಕು, ಆಡಿಟ್‌ನವರಿಗೆ ನಾನು ಉತ್ತರ ಹೇಳಬೇಕಲ್ಲ.